ಹನ್ನೊಂದು ಅಡ್ಡಪಟ್ಟಿ, ಒಂದು ಹಿತ್ತಾಳೆ ಬಿಲ್ಲೆ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಫೇಸ್‌ಬುಕ್ಕಿನಲ್ಲಿ ನನ್ನನ್ನು ಓದುವವರಿಗೆ ಇದು ಹೊಸ ಸುದ್ದಿಯೇನಲ್ಲ. ನನ್ನ ರಕ್ತದ ಸಕ್ಕರೆ ಎಷ್ಟಿದೆ ಎಂಬುದು ನಿಮಗೆ ಗೊತ್ತು. ಕುಷ್ಟಗಿಯ ನಮ್ಮ ಸಾಲೆಯ ಹೆಡ್‌ಮಾಸ್ತರರು ಮೀಟಿಂಗಿನಲ್ಲಿ ಗೊರಕೆ ಹೊಡೆದದ್ದು ಗೊತ್ತು. ನನ್ನ ಗಂಡ ಹಲ್ಲಿನ ಸೆಟ್ಟನ್ನು ಬಸ್ಸಿನಲ್ಲಿ ಮರೆತು ಬಂದದ್ದೂ ಗೊತ್ತು. ಅದನ್ನು ಬರೆದದ್ದಕ್ಕೆ ಆತ ನನ್ನ ಜೊತೆ ಎರಡು ದಿನ ಮಾತು ಬಿಟ್ಟ. ಮಾತು ಬಿಟ್ಟದ್ದನ್ನೂ ಬರೆದೆ. ನಾನೇನು ಮಾಡಲಿ, ಕೆಲವರಿಗೆ ಹಾಲು ಜೀರ್ಣವಾಗುವುದಿಲ್ಲ, ನನಗೆ ಗುಟ್ಟು ಜೀರ್ಣವಾಗುವುದಿಲ್ಲ.

ಆದರೆ ನನ್ನಪ್ಪ ಹಾಗಿರಲಿಲ್ಲ. ಅಪ್ಪನ ಹೊಟ್ಟೆಯಲ್ಲಿ ಒಂದು ಮಾತು ಇಪ್ಪತ್ತು ವರ್ಷಕ್ಕೂ ಮೇಲೆ ನಿಂತಿತ್ತು. ಕೊನೆಗೆ ಅಪ್ಪನ ಜೊತೆಗೇ ಮಣ್ಣಿಗೆ ಹೋಯಿತು. ಇವತ್ತು ಬರೆಯಬೇಕಾಗಿರುವುದು ಅದರ ಕಥೆ. ಆ ಮಾತು ಏನು ಎಂದು ಕೊನೆಯಲ್ಲಿ ಹೇಳುತ್ತಾಳೆ ಎಂದು ಕಾಯಬೇಡಿ. ನನಗೆ ಗೊತ್ತಿಲ್ಲ.

ಹೋದ ತಿಂಗಳು ಹಳೆಯ ಟ್ರಂಕು ಖಾಲಿ ಮಾಡುವಾಗ ಒಂದು ಫೋಟೋ ಸಿಕ್ಕಿತು. ತಡೆಯಲಾರದೆ ಅದನ್ನೂ ಹಾಕಿಬಿಟ್ಟೆ. ಭತ್ತದ ಗದ್ದೆಯ ಮುಂದೆ ಸಾಲಾಗಿ ನಿಂತ ಹನ್ನೆರಡು ಗಂಡಸರು. ಎಲ್ಲರದೂ ಬಿಳಿ ಬಟ್ಟೆ, ಎಲ್ಲರಿಗೂ ಎಡಹೆಗಲಿನಿಂದ ಬಲಸೊಂಟಕ್ಕೆ ಅಡ್ಡಲಾಗಿ ಒಂದು ಪಟ್ಟಿ. ಹನ್ನೊಂದು ಜನ ಹೊರದೇಶದವರು: ಕೆಂಪು ಮುಖ, ಕಪ್ಪು ಮುಖ, ಚಪ್ಪಟೆ ಮುಖ. ಎಡದಿಂದ ಮೂರನೆಯವರಿಗೆ ಮಾತ್ರ ದಪ್ಪ ಮೀಸೆ ಇದೆ, ಪಟ್ಟಿಯ ನಡುವೆ ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿದೆ. ಫೋಟೋದ ಕೆಳಗೆ ಒಬ್ಬರು ಕೇಳಿದರು, "ಮೇಡಂ, ಪಾದ್ರಿಗಳ ನಡುವೆ ಈ ಪೈಲ್ವಾನರು ಯಾರು?"

ಅವರು ಪೈಲ್ವಾನರಲ್ಲ, ಸಿಪಾಯಿ ಗವಿಸಿದ್ದಪ್ಪ, ನನ್ನಪ್ಪ. ನಮ್ಮ ಕಡೆ ಸಿಪಾಯಿ ಎಂದರೆ ಬಂದೂಕಿನವನಲ್ಲ, ಕಚೇರಿಯ ಜವಾನ. ಅಪ್ಪ ಕೊಪ್ಪಳದ ಒಂದು ಸರಕಾರಿ ಕಚೇರಿಯಲ್ಲಿ ಸಾಹೇಬರ ಕೋಣೆಯ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಮನೆ ತಳಕಲ್ಲಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಸಾಹೇಬರು ಸಭೆ ಸಮಾರಂಭಕ್ಕೆ ಹೊರಟರೆ ಅಪ್ಪ ಬಿಳಿ ಡ್ರೆಸ್ಸು ಹಾಕಿ, ಕೆಂಪು ಪಟ್ಟಿ ಬಿಗಿದು, ಬಿಲ್ಲೆಗೆ ಹುಣಸೆಹಣ್ಣು ತಿಕ್ಕಿ ಥಳಥಳ ಮಾಡಿಕೊಂಡು ಜೀಪಿನ ಹಿಂದೆ ಕೂರುತ್ತಿದ್ದರು. ಆ ಪಟ್ಟಿ ಅಪ್ಪನದಲ್ಲ, ಸರಕಾರದ್ದು. ಮನೆಯಲ್ಲಿ ಅದಕ್ಕೆ ಬೇರೆಯದೇ ಮೊಳೆ ಇತ್ತು. ಅದರ ಮೇಲೆ ಬೇರೆ ಬಟ್ಟೆ ತೂಗುಹಾಕಿದರೆ ಅಪ್ಪ ಊಟ ಬಿಡುತ್ತಿದ್ದರು.

ಈ ಅಡ್ಡಪಟ್ಟಿಯ ಬಗ್ಗೆ ನಾನು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಗಮನಿಸಿ ನೋಡಿ, ನಮ್ಮಲ್ಲಿ ದುಡಿಯುವವರ ಮೈಮೇಲೆ ಎಲ್ಲವೂ ಅಡ್ಡವಾಗಿಯೇ ಇರುತ್ತದೆ. ಕಂಡಕ್ಟರನ ಚೀಲದ ಪಟ್ಟಿ ಅಡ್ಡ, ಪೋಸ್ಟ್‌ಮನ್ನಿನ ಚೀಲ ಅಡ್ಡ, ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸು ಕಟ್ಟಿಕೊಂಡ ಸೆರಗೂ ಅಡ್ಡ. ಕೂತು ಮರ್ಯಾದೆ ಮಾಡಿಸಿಕೊಳ್ಳುವವರ ಶಾಲು, ಹಾರ ಮಾತ್ರ ಎರಡೂ ಕಡೆ ನೆಟ್ಟಗೆ ಇಳಿಬಿದ್ದಿರುತ್ತವೆ. ನೆಟ್ಟಗೆ ಇಳಿಬಿಟ್ಟದ್ದು ಬಗ್ಗಿದರೆ ಕಾಲಿಗೆ ತೊಡರುತ್ತದೆ. ಅಡ್ಡ ಬಿಗಿದದ್ದು ತೊಡರುವುದಿಲ್ಲ, ಎರಡೂ ಕೈ ಖಾಲಿ ಇರುತ್ತವೆ. ಇಷ್ಟೇ ಇದರ ಶಾಸ್ತ್ರ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕೊಪ್ಪಳದಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ. ಕ್ಯಾಥೊಲಿಕ್ ಸಭೆಯ ಡೀಕನ್ನರ ಅಂತರರಾಷ್ಟ್ರೀಯ ಸಮ್ಮೇಳನ ಎಂಬುದೊಂದು ಎಲ್ಲೋ ದೊಡ್ಡ ಶಹರದಲ್ಲಿ ನಡೆದಿತ್ತು. ವಿಷಯ "ಅಧ್ಯಾತ್ಮ ಮತ್ತು ಸೇವೆ". ಶಹರದಲ್ಲಿ ಕೂತು ಸೇವೆಯ ಬಗ್ಗೆ ಎಷ್ಟು ಮಾತಾಡುವುದು ಎಂದು ಯಾರಿಗೋ ಅನ್ನಿಸಿರಬೇಕು. ಕೊನೆಯ ಎರಡು ದಿನದ ಸಭೆಯನ್ನು ನಮ್ಮ ಕಡೆಗೆ, ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಒಂದು ಕ್ಯಾಂಪಿಗೆ ಹಾಕಿದರು. ಕ್ಯಾಂಪ್ ಎಂದರೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದವರು ಭತ್ತ ಬೆಳೆಯಲು ಕಟ್ಟಿಕೊಂಡ ಊರು. ಆ ಕ್ಯಾಂಪಿನಲ್ಲಿ ನಾಟಿಯ ಕೂಲಿಗೆ ಬಂದ ಕ್ಯಾಥೊಲಿಕ್ ಕುಟುಂಬಗಳು ಒಂದಿಷ್ಟಿದ್ದವು. ತಗಡಿನ ಚರ್ಚೊಂದಿತ್ತು.

ಉದ್ಘಾಟನೆಗೆ ಅಪ್ಪನ ಸಾಹೇಬರನ್ನು ಕರೆದಿದ್ದರು. ಸಾಹೇಬರು ದೀಪ ಹಚ್ಚಿ, ಊಟ ಮಾಡಿ, ಹೊರಡುವಾಗ ಅಪ್ಪನಿಗೆ ಹೇಳಿದರು, "ಗವಿಸಿದ್ದಪ್ಪ, ನೀ ನಾಳಿ ಸಂಜಿತನಕ ಇಲ್ಲೇ ಇರು. ಹೊರದೇಶದ ಮಂದಿ. ಏನರ ಹೆಚ್ಚುಕಮ್ಮಿ ಆದ್ರ ನಮ್ಮ ತಲಿಗೆ ಬರ್ತದ."

ಅಪ್ಪ ಪೆಂಡಾಲಿನ ಬಾಗಿಲಿಗೆ ನಿಂತರು. ಅಷ್ಟರಲ್ಲಿ ಪೂಜೆಗೆ ಗಂಟೆ ಹೊಡೆಯಿತು. ಬಿಳಿ ನಿಲುವಂಗಿ ತೊಟ್ಟು, ಅಡ್ಡಪಟ್ಟಿ ಹಾಕಿಕೊಂಡ ಹನ್ನೊಂದು ಡೀಕನ್ನರು ಸಾಲಾಗಿ ಬಂದರು. ಕ್ಯಾಂಪಿನ ಮಂದಿ ಅವರನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಒಬ್ಬ ಮುದುಕ ಜೋರಾಗಿಯೇ ಕೇಳಿಬಿಟ್ಟ, "ಬರೇ ಸಿಪಾಯಿಗಳ ಬಂದಾರಲ್ಲಪಾ! ಇವರ ಸಾಹೇಬ ಯಾವಾಗ ಬರ್ತಾನ?"

ಇದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ನಿಜಾಮನ ಕಾಲದಿಂದಲೂ ಪಟ್ಟಿ ಅಡ್ಡ ಹಾಕಿದವನು ಹುಕುಂ ತರುವವನು, ಹುಕುಂ ಕೊಡುವವನಲ್ಲ ಎಂದು ಮಕ್ಕಳಿಗೂ ಗೊತ್ತು. ಕ್ಯಾಂಪಿನ ಫಾದರ್ ಮಂಗಳೂರು ಕಡೆಯವರು. ಅವರ ಹೆಗಲಿನ ಪಟ್ಟಿ ಕುತ್ತಿಗೆಯಿಂದ ಎರಡೂ ಕಡೆ ನೆಟ್ಟಗೆ ಇಳಿದಿತ್ತು. ಹಾಗಾಗಿ ಸಾಹೇಬರು ಅವರೊಬ್ಬರೇ ಎಂದು ಜನ ತೀರ್ಮಾನಿಸಿದರು. ಕ್ಯಾಂಪಿನಲ್ಲಿ ಜಪ ಕಲಿಸುವ ಉಪದೇಶಿ ಚಿನ್ನಪ್ಪ ನಗುತ್ತಾ ಅಪ್ಪನಿಗೆ ಹೇಳಿದನಂತೆ, "ಮಂದಿ ಅಂದಿದ್ದು ಖರೇ ಐತ್ರಿ ಗವಿಸಿದ್ದಪ್ಪಾರ. ಡೀಕನ್ ಅಂದ್ರ ಸೇವಕ. ಗುರುಗಳ ಕೈಕೆಳಗ ಇರಾಂವ. ಬಡವರ ಕೆಲಸ, ಮುಂಡೇರ ಊಟ, ಸತ್ತವರ ಮಣ್ಣು, ಎಲ್ಲಾ ಇವರದ. ಲಗ್ನ ಆದವರೂ ಅದಾರ."

"ಹಂಗಂದ್ರ ನಮ್ಮವರ ಬಿಡು" ಎಂದರಂತೆ ಅಪ್ಪ.

ಲಗ್ನದ ವಿಷಯ ಹೆಂಗಸರಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. "ಈ ಅಯ್ಯನೋರಿಗೆ ಹೆಂಡ್ತಿ ಅದಾಳಂತ ಬೇ!" ಎಂದು ಒಬ್ಬಳು. "ಹೆಂಡ್ತಿ ಇದ್ದೂ ಇಷ್ಟು ಸುಮ್ಮಕ ಕೂತಾನಂದ್ರ ಇಂವನ ಖರೇ ಸನ್ಯಾಸಿ" ಎಂದು ಇನ್ನೊಬ್ಬಳು. ಹೆಂಡತಿಯಿದ್ದ ಆ ಡೀಕನ್ ತನ್ನ ದೇಶದಲ್ಲಿ ಸಿಟಿ ಬಸ್ಸಿನ ಡ್ರೈವರನಂತೆ. ಆತನಿಗೆ ಅಪ್ಪನ ಬಿಲ್ಲೆ ಬಹಳ ಹಿಡಿಸಿತು. ಮುಟ್ಟಿ ನೋಡಿ, ಅಪ್ಪನನ್ನು ಎಳೆದು ತಮ್ಮ ಸಾಲಿನಲ್ಲಿ ನಿಲ್ಲಿಸಿ ಉಪದೇಶಿಯ ಕೈಗೆ ಕ್ಯಾಮೆರಾ ಕೊಟ್ಟ. ಆ ಫೋಟೋ ಎರಡು ತಿಂಗಳ ನಂತರ ಅಂಚೆಯಲ್ಲಿ ಬಂತು. ಅಷ್ಟರೊಳಗೆ ಅದನ್ನು ನೋಡಿ ನಗುವ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಬಸ್ಸು ಹತ್ತಿ ಬೇರೆ ಕ್ಯಾಂಪುಗಳನ್ನು ನೋಡಲು ಹೋದರು. ಫಾದರ್ ಹೋದರು, ಉಪದೇಶಿಯೂ ಹೋದ. ಪೆಂಡಾಲಿನಲ್ಲಿ ಅಪ್ಪ ಒಬ್ಬರೇ ಉಳಿದರು. ಬಿಸಿಲಿಗೆ ತೂಕಡಿಸುತ್ತಿದ್ದಾಗ ಕೂಲಿಯವರ ಕೇರಿಯಿಂದ ಒಬ್ಬ ಹೆಂಗಸು ಓಡಿ ಬಂದಳು.

"ಅನ್ನಮ್ಮ ಹೋಗಾಕ ಹತ್ಯಾಳ. ಅಡ್ಡಪಟ್ಟಿ ಅಯ್ಯನೋರ ಬೇಕಂತಾಳ. ಲಗೂನ ಬರ್ರಿ."

"ನಾ ಅವರಲ್ಲ ಬೇ. ನಾ ಕಚೇರಿ ಸಿಪಾಯಿ."

"ಪಟ್ಟಿ ಐತಲ್ರಿ ಮೈಮ್ಯಾಲೆ. ಬರ್ರಿ."

ಅನ್ನಮ್ಮ ಯಾರು ಎಂಬುದನ್ನು ಇಲ್ಲಿ ಹೇಳಬೇಕು. ಅರವತ್ತು ದಾಟಿದ ನಾಟಿ ಕೂಲಿ. ಮಗ ಜೋಜಪ್ಪ. ಆರು ತಿಂಗಳ ಹಿಂದೆ ಅವಳ ಸೊಸೆ ಲೂರ್ದಮ್ಮ ಕಾಲುವೆಯಲ್ಲಿ ಸತ್ತಿದ್ದಳು. ಪಾತ್ರೆ ತೊಳೆಯಲು ಹೋಗಿ ಕಾಲು ಜಾರಿತು ಎಂದರು. ಪೊಲೀಸರೂ ಹಾಗೇ ಬರೆದುಕೊಂಡರು. ಕಾಲುವೆಗೆ ಹೋಗುವಾಗ ಅವಳ ಜೊತೆ ಇದ್ದವಳು ಅತ್ತೆ ಅನ್ನಮ್ಮ ಒಬ್ಬಳೇ. ಹೆಣ ಎರಡು ಮೈಲಿ ಕೆಳಗೆ, ತೂಬಿನ ಜಾಲರಿಗೆ ಸಿಕ್ಕಿತ್ತು. ಹಿಂದೆ ಎರಡು ವರ್ಷದ ಹೆಣ್ಣುಕೂಸು ಉಳಿಯಿತು. ಕ್ಯಾಂಪಿನಲ್ಲಿ ಬೇರೆ ಮಾತೂ ಆಡುತ್ತಿದ್ದರು, ಆದರೆ ತಗ್ಗಿದ ದನಿಯಲ್ಲಿ.

ಡೀಕನ್ನರು ಬರುವತನಕ ನೀರು ಕುಡಿಸಿ ಸಮಾಧಾನ ಮಾಡೋಣ ಎಂದು ಅಪ್ಪ ಹೋದರು. ಜೋಜಪ್ಪ ಗಂಗಾವತಿಗೆ ಔಷಧಿ ತರಲು ಹೋಗಿದ್ದ. ಅನ್ನಮ್ಮ ಚಾಪೆಯ ಮೇಲಿನಿಂದ ಕೈ ಚಾಚಿ ಅಪ್ಪನ ಕೆಂಪು ಪಟ್ಟಿಯನ್ನು ಹಿಡಿದುಕೊಂಡಳು. ಅಪ್ಪ ಹೇಳಿದರು, "ಯವ್ವಾ, ನಾ ನಿಮ್ಮ ಪೈಕಿ ಅಲ್ಲ. ನಾ ಲಿಂಗಾಯತ. ಸರಕಾರಿ ಸಿಪಾಯಿ."

ಕರೆದುಕೊಂಡು ಬಂದ ಹೆಂಗಸು ಕೇಳಿಸಿಕೊಂಡ ಕೊನೆಯ ಮಾತು ಅನ್ನಮ್ಮನದು: "ಯಾರರ ಆಗು. ಬಾಗ್ಲಾ ಹಾಕು."

ಅಪ್ಪ ಬಾಗಿಲು ಹಾಕಿದರು. ಅರ್ಧ ತಾಸಿನ ಮೇಲೆ ತೆಗೆದರು. ಬಸ್ಸು ವಾಪಸು ಬರುವಷ್ಟರಲ್ಲಿ ಅನ್ನಮ್ಮ ಹೋಗಿಬಿಟ್ಟಿದ್ದಳು. ಅಪ್ಪನ ಪಟ್ಟಿಯ ಮೇಲೆ ಐದು ಬೆರಳಿನ ಹಿಡಿತ ಸುಕ್ಕಾಗಿ ಕೂತಿತ್ತು. ಮನೆಗೆ ಬಂದ ಮೇಲೆ ಅವ್ವ ಇಸ್ತ್ರಿ ಹಾಕಿ ಹಾಕಿ ಅದನ್ನು ತೆಗೆದಳು.

ಸಂಜೆ ಫಾದರ್ ಅಪ್ಪನನ್ನು ಪಕ್ಕಕ್ಕೆ ಕರೆದರು. ಅವರದು ಪುಸ್ತಕದ ಕನ್ನಡ. "ಗವಿಸಿದ್ದಪ್ಪನವರೇ, ಆ ಮುದುಕಿ ನಿಮಗೆ ಹೇಳಿದ್ದು ಪಾಪನಿವೇದನೆ ಆಗುವುದಿಲ್ಲ. ಅದನ್ನು ಕೇಳುವ ಅಧಿಕಾರ ಗುರುಗಳಿಗೆ ಮಾತ್ರ. ಈ ಡೀಕನ್ನರಿಗೂ ಇಲ್ಲ. ಕೇಳಿದ ಗುರು ಸತ್ತರೂ ಬಾಯಿ ಬಿಡಬಾರದು, ಅದು ನಮ್ಮ ನಿಯಮ. ನಿಮಗೆ ಆ ಕಟ್ಟು ಇಲ್ಲ. ನೀವು ನಿಮ್ಮ ಮನಸ್ಸಾಕ್ಷಿಯಂತೆ ಮಾಡಿ."

ನೋಡಿ, ಅಲ್ಲಿ ತಪ್ಪಿನ ಮೇಲೆ ತಪ್ಪು ಆಗಿತ್ತು. ಕೇಳಿದವನು ಗುರುವಲ್ಲ, ಡೀಕನ್ನೂ ಅಲ್ಲ, ಕ್ರೈಸ್ತನೂ ಅಲ್ಲ. ಯಾವ ಕಾನೂನಿನ ಪ್ರಕಾರವೂ ಅಪ್ಪ ಬಾಯಿ ಮುಚ್ಚಬೇಕಾಗಿರಲಿಲ್ಲ. ಅಪ್ಪ ಹೇಳಿದ್ದು ಇಷ್ಟು: "ನಿಮ್ಮ ಕಾನೂನು ನನಗ ತಿಳಿಯಾಂಗಿಲ್ರಿ ಸ್ವಾಮೇರ. ಆಕಿ ಬಾಗ್ಲಾ ಹಾಕಂದ್ಲು, ಹಾಕೀನಿ. ಬಾಗ್ಲಾ ಹಾಕಿದ ಮ್ಯಾಲೆ ಅದು ಚೇಂಬರ್."

ಚೇಂಬರ್ ಎಂದರೆ ಸಾಹೇಬರ ಕೋಣೆ. ಬಾಗಿಲಿನ ಸಿಪಾಯಿಗೆ ಒಳಗಿನದೆಲ್ಲ ಕೇಳಿಸುತ್ತದೆ. ಯಾರ ಕೆಲಸ ಹೋಗುತ್ತದೆ, ಯಾರ ಹೊಲ ಯಾರಿಗೆ ಹೋಗುತ್ತದೆ, ಯಾವ ದೊಡ್ಡ ಮನುಷ್ಯ ಒಳಗೆ ಅತ್ತ, ಎಲ್ಲಾ. ಹೊರಗೆ ಬಂದವರು ಕಿವಿಯ ಹತ್ತಿರ ಬಂದು "ಏನಾತ್ರಿ ಒಳಗ?" ಎಂದು ಕೇಳಿದರೆ ಅಪ್ಪ "ಫ್ಯಾನ್ ತಿರಗಾಕ ಹತ್ತಿತ್ತು" ಎನ್ನುತ್ತಿದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಪ್ಪ ಕಲಿತ ವಿದ್ಯೆ ಅದೊಂದೇ. ಅದನ್ನೇ ತೆಗೆದುಕೊಂಡು ಹೋಗಿ ಆ ಗುಡಿಸಲಿನಲ್ಲಿ ಇಟ್ಟರು.

ಹದಿನೈದು ದಿನಕ್ಕೆ ಮರಿಯಮ್ಮ ಬಂದಳು. ಮರಿಯಮ್ಮ ಕಾಲುವೆಯಲ್ಲಿ ಸತ್ತ ಲೂರ್ದಮ್ಮನ ತಾಯಿ. ಅವಳಿದ್ದದ್ದು ಕಾರಟಗಿ ಹತ್ತಿರ. ಅಲ್ಲಿಂದ ಗಂಗಾವತಿ, ಗಂಗಾವತಿಯಿಂದ ಕೊಪ್ಪಳ, ಕೊಪ್ಪಳದಿಂದ ತಳಕಲ್, ಹೀಗೆ ಮೂರು ಬಸ್ಸು. ಭಾನುವಾರ ಕೂಲಿಗೆ ರಜೆ, ಅಪ್ಪನಿಗೂ ರಜೆ. ನಮ್ಮ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಪೀಠಿಕೆಯಿಲ್ಲದೆ ಶುರು ಮಾಡಿದಳು.

"ಸಿಪಾಯಣ್ಣ, ನನ್ನ ಮಗಳು ಜಾರಿ ಬಿದ್ಲು. ಇಲ್ಲಾ ತಾನ ಹಾರಿದ್ಲು. ಇಲ್ಲಾ ದೂಡಿದ್ರು. ಮೂರರಾಗ ಒಂದು. ಮುದುಕಿ ನಿನಗ ಹೇಳ್ಯಾಳ. ನೀ ಬಾಯಿ ಬಿಡಬ್ಯಾಡ, ತಲಿ ಅಲ್ಲಾಡಿಸು ಸಾಕು."

ಅಪ್ಪ ನೆಲ ನೋಡಿದರು. "ರೊಟ್ಟಿ ತಿನ್ನು ತಂಗಿ."

"ನಿನ್ನ ರೊಟ್ಟಿ ತಿನ್ನಾಕ ಮೂರು ಬಸ್ಸು ಹತ್ತಿ ಬಂದೀನೇನು ನಾನು?"

ಆದರೂ ತಿಂದಳು. ಹಸಿವಾಗಿತ್ತು. ತಿನ್ನುತ್ತಲೇ ಅತ್ತಳು. ಮುಂದಿನ ತಿಂಗಳು ಮತ್ತೆ ಬಂದಳು, ಅದರ ಮುಂದಿನ ತಿಂಗಳೂ ಬಂದಳು. ಪ್ರತಿ ಸಲವೂ ಅದೇ ಮೂರು ಮಾತು, ಅದೇ ರೊಟ್ಟಿ. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಜಗಳ.

"ಹೇಳಿಬಿಡ್ರಿ. ಹಡದಾಕಿ ಆಕಿ. ನಮಗೂ ಒಂದು ಹೆಣ್ಣೈತಿ" ಎನ್ನುತ್ತಿದ್ದಳು ಅವ್ವ.

"ಹೇಳಿದ್ರ ಆಕಿ ಏನ್ಮಾಡ್ತಾಳ?"

"ಏನರ ಮಾಡ್ಲಿ. ನೀವು ಹೇಳ್ದಿದ್ರ ಏನು ಉದ್ಧಾರ ಆತು? ಪರಮಾತ್ಮ ಏನು ನಿಮ್ಮ ಹೆಗಲಿಗೆ ಎರಡನೇ ಬಿಲ್ಲೆ ಹಾಕ್ತಾನೇನು?"

ನಾನು ಅವ್ವನ ಕಡೆಗಿದ್ದೆ. ಹದಿನೆಂಟು ವರ್ಷದ ನನಗೆ ಅಪ್ಪನ ಮೌನ ಹೇಡಿತನದಂತೆ ಕಾಣುತ್ತಿತ್ತು. ಅಪ್ಪ ಮಾಡಿದ್ದು ಸರಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಯಾರೋ ದೂಡಿದ್ದೇ ನಿಜವಾಗಿದ್ದರೆ, ಅಪ್ಪನ ಮೌನದ ನೆರಳಿನಲ್ಲಿ ಒಬ್ಬ ಆರಾಮಾಗಿ ಉಂಡು ಮಲಗಿದ. ತಾನೇ ಹಾರಿದ್ದು ನಿಜವಾಗಿದ್ದರೆ, ಹಾರುವ ಹಾಗೆ ಮಾಡಿದವರನ್ನು ಯಾರೂ ಕೇಳಲಿಲ್ಲ. ಜಾರಿ ಬಿದ್ದದ್ದು ನಿಜವಾಗಿದ್ದರೆ ಅದು ಇನ್ನೂ ಕ್ರೂರ. ಒಂದು ಮಾತಿನಿಂದ ಒಬ್ಬ ತಾಯಿಯ ಎದೆಯ ಕಲ್ಲು ಇಳಿಸಬಹುದಾಗಿತ್ತು, ಇಳಿಸಲಿಲ್ಲ. ಹೇಗೆ ತಿರುಗಿಸಿ ನೋಡಿದರೂ ಅಪ್ಪನಿಗೆ ಪೂರ್ತಿ ಅಂಕ ಕೊಡಲು ನನ್ನಿಂದ ಆಗುವುದಿಲ್ಲ. ಮಾಸ್ತರಿಕೆ ಮಾಡಿದ ಕೈ ಇದು, ಸುಮ್ಮನೆ ಅಂಕ ಹಾಕುವುದಿಲ್ಲ.

ನಾಲ್ಕನೆಯ ಸಲ ಬಂದಾಗ ಮರಿಯಮ್ಮ ಪ್ರಶ್ನೆ ಕೇಳಲಿಲ್ಲ. ಸುಸ್ತಾಗಿದ್ದಳು. ಅವ್ವನಿಗೆ ಸುದ್ದಿ ಹೇಳುವ ಹಾಗೆ ಹೇಳಿದಳು, "ಜೋಜಪ್ಪ ಎರಡನೇ ಲಗ್ನ ಮಾಡ್ಕೊಳ್ಳಾಕ ಹತ್ಯಾನ ಯಕ್ಕ. ಮುಂದಿನ ವಾರ."

ಒಳಗೆ ದಾಡಿ ಮಾಡಿಕೊಳ್ಳುತ್ತಿದ್ದ ಅಪ್ಪ ಅರ್ಧ ಮುಖಕ್ಕೆ ಸಾಬೂನು ಇಟ್ಟುಕೊಂಡೇ ಹೊರಗೆ ಬಂದರು. "ಕೂಸು ಎಲ್ಲೈತಿ?"

"ಅವನ ಹತ್ರ ಐತಿ. ಕೇಳಿದ್ರ ಕೊಡವಲ್ಲ."

ಅಪ್ಪ ಒಳಗೆ ಹೋಗಿ ಉಳಿದ ಅರ್ಧ ದಾಡಿ ಮುಗಿಸಿದರು. ಮುಖ ತೊಳೆದರು. ಬಿಳಿ ಡ್ರೆಸ್ಸು ಹಾಕಿಕೊಂಡರು. ಮೊಳೆಯಿಂದ ಪಟ್ಟಿ ತೆಗೆದು ಬಿಗಿದರು.

ಅವ್ವ ಹೌಹಾರಿದಳು. "ಇವತ್ತು ಐತವಾರರೀ. ಕಚೇರಿ ಇಲ್ಲ."

"ಗೊತ್ತೈತಿ. ನಡಿ ತಂಗಿ, ಬಸ್ಸು ಬರ್ತೈತಿ."

ಕ್ಯಾಂಪಿನಲ್ಲಿ ನಡೆದದ್ದನ್ನು ಮರಿಯಮ್ಮನೇ ಆಮೇಲೆ ಹೇಳಿದಳು. ಅಪ್ಪ ಜೋಜಪ್ಪನ ಬಾಗಿಲಿಗೆ ಹೋಗಿ ನೆಟ್ಟಗೆ ನಿಂತರು. "ಕೂಸನ್ನ ಕರಕೊಂಡು ಹೋಗಾಕ ಬಂದೀವಿ" ಎಂದರು. ಜೋಜಪ್ಪ ಎದ್ದು ಬಂದ. "ಯಾರ ಹುಕುಂ?" ಎಂದು ಕೇಳಿದ. ಅಪ್ಪ ಬಿಲ್ಲೆಯ ಮೇಲೆ ಕೈಯಿಟ್ಟು ಅವನ ಮುಖವನ್ನೇ ನೋಡುತ್ತ ನಿಂತರು. ಬಹಳ ಹೊತ್ತು. ಜೋಜಪ್ಪ ಬಿಲ್ಲೆ ನೋಡಿದ, ಅಪ್ಪನ ಕಣ್ಣು ನೋಡಿದ, ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಕೊಟ್ಟ. ಜೊತೆಗೆ ಅದರ ಒಂದು ಫ್ರಾಕನ್ನೂ ಕೊಟ್ಟ.

ಅವನು ಹೆದರಿದ್ದು ಸರಕಾರದ ಬಿಲ್ಲೆಗೋ, ಸಾಯುವಾಗ ತಾಯಿ ಹೇಳಿರಬಹುದಾದ ಮಾತಿಗೋ? ಅಥವಾ ಹೆದರಿಕೆಯೇ ಅಲ್ಲದೆ, ತಾಯಿಯಿಲ್ಲದ ಕೂಸು ಅಜ್ಜಿಯ ಹತ್ತಿರ ಚೆನ್ನಾಗಿರುತ್ತದೆ ಎಂದು ಅವನಿಗೂ ಅನ್ನಿಸಿತೋ? ನಾನು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ದೃಶ್ಯವನ್ನು ತಿರುವಿ ಹಾಕಿದ್ದೇನೆ. ನಾನು ಅಲ್ಲಿರಲಿಲ್ಲ, ಆದರೂ ಆ ಫ್ರಾಕು ಕಣ್ಣಿಗೆ ಕಟ್ಟಿದೆ. ಪಾಪಿಯೂ ಫ್ರಾಕು ಕೊಡುತ್ತಾನೆ, ಪಾಪವಿಲ್ಲದವನೂ ಕೊಡುತ್ತಾನೆ. ಫ್ರಾಕಿನಿಂದ ಏನೂ ತಿಳಿಯುವುದಿಲ್ಲ.

ತಿಂಗಳೊಳಗೆ ಕ್ಯಾಂಪಿನಿಂದ ಕಚೇರಿಗೆ ದೂರು ಬಂತು. ಸರಕಾರಿ ಸಿಪಾಯಿಯೊಬ್ಬ ರಜೆಯ ದಿನ ಸರಕಾರಿ ಪೋಷಾಕು ಹಾಕಿಕೊಂಡು, ಯಾವ ಹುಕುಂ ಇಲ್ಲದೆ, ಹೆದರಿಸಿ ಕೂಸನ್ನು ಒಯ್ದ ಎಂದು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಾಹೇಬರು ಕೆಟ್ಟವರಲ್ಲ. ವಿಚಾರಣೆಗೆ ಕರೆದು, ಬಾಗಿಲು ಹಾಕಿಸಿ ಕೇಳಿದರಂತೆ, "ಗವಿಸಿದ್ದಪ್ಪ, ಕಾರಣ ಇದ್ರ ಹೇಳು. ಬರಕೊಂಡು ಬಿಟ್ಟುಬಿಡ್ತೀನಿ."

"ಕಾರಣ ಐತ್ರಿ ಸಾಹೇಬ್ರ. ಹೇಳಾಂಗಿಲ್ರಿ."

"ನನಗೂ?"

"ನಿಮ್ಮ ಚೇಂಬರಿನ ಮಾತು ನಾ ಯಾರಿಗರ ಹೇಳೀನೇನ್ರಿ?"

ಸಾಹೇಬರು ಪೆನ್ನು ಮುಚ್ಚಿದರಂತೆ. ಆದರೆ ಫೈಲು ಮುಚ್ಚುವ ಹಾಗಿರಲಿಲ್ಲ. ಅಪ್ಪ ಮೂರು ತಿಂಗಳು ಸಸ್ಪೆಂಡ್ ಆದರು. ಪಟ್ಟಿ, ಬಿಲ್ಲೆ ವಾಪಸು ಕೊಟ್ಟರು. ಮತ್ತೆ ಕೆಲಸಕ್ಕೆ ತೆಗೆದುಕೊಂಡ ಮೇಲೆ ಹಳೆಯ ಕಾಗದದ ಕೋಣೆಗೆ ಹಾಕಿದರು. ರಿಟೈರ್ ಆಗುವತನಕ ಅಪ್ಪ ಅಲ್ಲಿ ಧೂಳು ಹೊಡೆದರು. ಬಾಗಿಲ ಬಳಿಯ ಸ್ಟೂಲಿಗೆ ಮತ್ತೆ ಬರಲೇ ಇಲ್ಲ. ಮನೆಯ ಮೊಳೆಗೆ ಅವ್ವ ಹಿಟ್ಟಿನ ಜರಡಿ ತೂಗುಹಾಕಿದಳು. ಅಪ್ಪ ಊಟ ಬಿಡಲಿಲ್ಲ. ಇನ್ನೊಂದು ಸುದ್ದಿ: ಯಾರ ಕೈಲೋ ಬರೆಸಿ ಕಳಿಸಿದ ಪತ್ರದಲ್ಲಿ ಬಸ್ ಡ್ರೈವರ್ ಡೀಕನ್ ಕೇಳಿದ್ದ, "ನಿಮ್ಮ ಬಿಲ್ಲೆ ಹೇಗಿದೆ?" ಎಂದು. ಅಪ್ಪ ನನ್ನಿಂದ ಇಂಗ್ಲಿಷಿನಲ್ಲಿ ಉತ್ತರ ಬರೆಸಿದರು: ಆರಾಮ ಇದೆ.

ಮರಿಯಮ್ಮ ಆಮೇಲೂ ಬಂದಳು, ವರ್ಷಕ್ಕೊಮ್ಮೆ. ಕೂಸು ಬೆಳೆಯುತ್ತಿತ್ತು, ಹೆಸರು ಶಾಂತಿ. ಬಂದಾಗೊಮ್ಮೆ ಅದೇ ಮೂರು ಮಾತು. ಅಪ್ಪನ ನೌಕರಿಯ ಗತಿ ಅವಳಿಗೆ ಗೊತ್ತಿತ್ತು, ಅದಕ್ಕೆ ಅತ್ತಳು ಕೂಡ. ಆದರೂ ಒಂದು ಸಲ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಬಿಟ್ಟಳು. "ಕೂಸನ್ನ ಕೊಟ್ಟಿ ಸಿಪಾಯಣ್ಣ. ಮಗಳನ್ನ ಕೊಡ್ಲಿಲ್ಲ. ನಿನ್ನ ನಾಲಿಗಿಗೆ ಹುಳಾ ಬೀಳ್ಲಿ." ಮತ್ತೆ ಬರಲಿಲ್ಲ. ಏನೂ ತಿಳಿಯದೆಯೇ ಸತ್ತಳು ಎಂದು ಕೆಲವು ವರ್ಷಗಳ ಮೇಲೆ ಸುದ್ದಿ ಬಂತು. ಅವತ್ತು ಅಪ್ಪ ಊಟ ಮಾಡಲಿಲ್ಲ.

ಅಪ್ಪ ಕೊನೆಯ ಸಲ ಹಾಸಿಗೆ ಹಿಡಿದಾಗ ನಾನು ರಜೆ ಹಾಕಿ ಕೂತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ, "ಕೇಳಾಕಿನೂ ಹೋದ್ಲಪ್ಪಾ. ಈಗರ ಹೇಳು. ನನ್ನೊಬ್ಬಾಕಿಗೆ."

ಅಪ್ಪ ಕಣ್ಣು ತೆರೆದು ನನ್ನನ್ನು ಚೆನ್ನಾಗಿ ನೋಡಿದರು. "ನಿನಗೇನು? ನಿನಗ ಹೇಳೋಕಿಂತ ಬಸ್‌ಸ್ಟ್ಯಾಂಡಿನ ಮೈಕಿನಾಗ ಹೇಳೋದು ಛಲೋ." ಅದು ಅಪ್ಪನ ಕೊನೆಯ ತಮಾಷೆ.

ಈಗ ಫೋಟೋ ವಿಷಯಕ್ಕೆ ಬರುತ್ತೇನೆ. ಅದನ್ನು ಹಾಕಿದ ನಾಲ್ಕನೆಯ ದಿನ ಕೆಳಗೆ ಒಂದು ಸಾಲು ಬಂತು: "ಮೂರನೇದವರು ನನ್ನನ್ನ ಎತ್ತಿಕೊಂಡು ಬಂದವರೇನ್ರಿ ಅಕ್ಕಾರ?" ಶಾಂತಿ! ಹೋದ ಭಾನುವಾರ ಕಾರಟಗಿಯಿಂದ ಬಸ್ಸು ಹಿಡಿದು ಕುಷ್ಟಗಿಗೆ ಬಂದೇಬಿಟ್ಟಳು. ನಲವತ್ತರ ಹೆಣ್ಣು, ಅಂಗನವಾಡಿಯಲ್ಲಿ ಅಡುಗೆಯ ಕೆಲಸ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಹನ್ನೆರಡು ಪಟ್ಟಿಗಳನ್ನೂ ಎಣಿಸಿದಳು. ಬಿಲ್ಲೆಯ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು, "ನಮ್ಮಪ್ಪ ನನ್ನ ಹತ್ರನ ಅದಾನ್ರಿ ಅಕ್ಕಾರ."

ನನಗೆ ಚಹಾ ನೆತ್ತಿಗೇರಿತು. "ಯಾರು, ಜೋಜಪ್ಪ?"

"ಹೌದ್ರಿ. ಲಕ್ವಾ ಹೊಡದೈತಿ. ಎರಡನೇದಾಕಿ ಸತ್ತುಹೋದ್ಲು, ಆ ಮಕ್ಕಳು ನೋಡವಲ್ರು. ಒಂದೂವರಿ ವರ್ಷ ಆತು ತಂದಿಟಗೊಂಡು. ದಿನಾ ಮೈ ತೊಳಸ್ತೀನಿ, ಉಣಸ್ತೀನಿ. ಮಾತು ಬರಾಂಗಿಲ್ಲ, ಬರೇ ನೋಡ್ತಾನ."

ನನಗೆ ಗೊತ್ತಿರುವುದು ಏನೂ ಇಲ್ಲ, ನಿಜ. ಆದರೆ ನನ್ನ ಹತ್ತಿರ ಒಂದು ಊಹೆ ಇದೆ. ಅರ್ಧ ದಾಡಿಯಲ್ಲಿ ಹೊರಗೆ ಬಂದ ಅಪ್ಪನ ಮುಖವನ್ನು ನೋಡಿದವಳು ನಾನು. ಆ ಮುಖದಿಂದ ಕಟ್ಟಿಕೊಂಡ ಊಹೆ, ಇಷ್ಟು ವರ್ಷ ಸಾಣೆ ಹಿಡಿದದ್ದು. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬೇಕೆಂದರೆ ಅದರ ಬದಲು ಒಂದು ಸಿಹಿ ಸುಳ್ಳನ್ನೂ ಹೇಳಬಹುದಾಗಿತ್ತು. ಎರಡರಲ್ಲಿ ಯಾವುದು ಮೊದಲು ಹೊರಗೆ ಬೀಳುತ್ತಿತ್ತೋ ದೇವರಿಗೇ ಗೊತ್ತು. ನಾನು "ನೋಡು ಶಾಂತಿ, ನನಗನ್ನಸ್ತೈತಿ..." ಎಂದು ಬಾಯಿ ತೆರೆದೆ.

ಅವಳು ಕೈ ಅಡ್ಡ ಹಿಡಿದಳು. "ಬ್ಯಾಡ್ರಿ ಅಕ್ಕಾರ. ಅಜ್ಜಿ ಸಾಯೋತನಕ ಆ ಮೂರು ಮಾತು ಎಣಿಸಿದ್ಲು. ನಾನೂ ಎಣಿಸೀನಿ. ಈಗ ಬ್ಯಾಡ. ಗೊತ್ತಾದ್ರ ನಾಳಿ ಅವನ ಮೈ ತೊಳ್ಯಾಕ ನನಗ ಕೈ ಬರಾಂಗಿಲ್ಲ."

ಮಾತು ಬಾಯಿಯಲ್ಲೇ ನಿಂತಿತು. ಹನ್ನೊಂದು ಜನ ದೇಶದೇಶದಿಂದ ಬಂದು ಎರಡು ದಿನ ಪೆಂಡಾಲಿನಲ್ಲಿ ಕೂತು ಸೇವೆಯ ಬಗ್ಗೆ ಏನೇನು ಮಾತಾಡಿದರೋ ನನಗೆ ಗೊತ್ತಿಲ್ಲ, ಅಪ್ಪನಿಗೂ ಅದು ತಿಳಿದಿರಲಿಲ್ಲ. ಆದರೆ ಎರಡೂ ಕೈ ಖಾಲಿ ಇರಬೇಕು ಎಂಬಷ್ಟು ಪಟ್ಟಿಯ ಶಾಸ್ತ್ರ ನನಗೆ ಗೊತ್ತಿತ್ತಲ್ಲ. ಅದು ಬರೀ ಬಟ್ಟೆಯ ಮಾತು ಎಂದುಕೊಂಡಿದ್ದೆ.

ಶಾಂತಿ ಫೋಟೋವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು. ಇದನ್ನು ಬರೆಯುತ್ತೇನೆ ಎಂದದ್ದಕ್ಕೆ, "ಬರೀರಿ, ಹೆಸರು ಬದಲಿ ಮಾಡ್ರಿ. ನಿಮಗ ಅನಿಸಿದ್ದು ಮಾತ್ರ ಬರೀಬ್ಯಾಡ್ರಿ" ಎಂದಳು. ಹೆಸರು ಬದಲಿಸಿದ್ದೇನೆ. ಕೂತು ಊಟ ಮಾಡು ಎಂದರೆ ಕೇಳಲಿಲ್ಲ. ಸಂಜೆ ಆರಕ್ಕೆ ಅವನಿಗೆ ಗಂಜಿ ಕುಡಿಸಬೇಕು ಎಂದು ಎದ್ದಳು. ಎರಡು ರೊಟ್ಟಿ ಕಟ್ಟಿಕೊಟ್ಟೆ. ವ್ಯಾನಿಟಿ ಬ್ಯಾಗಿನ ಪಟ್ಟಿಯನ್ನು ತಲೆಯ ಮೇಲಿಂದ ಹಾಕಿ ಅಡ್ಡ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅವಳು ಹೋದ ಮೇಲೆ ಗಂಡ ಒಳಗಿನಿಂದ ಬಂದು ಕೇಳಿದ, "ಏನಂದ್ಲು? ಏನಾತು?"

"ಏನಿಲ್ಲ. ಫ್ಯಾನ್ ತಿರಗಾಕ ಹತ್ತಿತ್ತು."

ಆತ ನನ್ನ ಹಣೆ ಮುಟ್ಟಿ ನೋಡಿದ. ಆಮೇಲೆ ಕಪಾಟು ತೆಗೆದು ಸಕ್ಕರೆ ನೋಡುವ ಮಶೀನು ತಂದು ನನ್ನ ಮುಂದಿಟ್ಟ. ಅಂಕಿ ಎಷ್ಟು ಬಂತು ಎಂಬುದನ್ನು ಈ ಸಲ ನಿಮಗೂ ಹೇಳುವುದಿಲ್ಲ.